ಕೈ ಹೋಗುವಷ್ಟು ಜಾಗ

ಹಳೆಯ ದೋಣಿಯನ್ನು ಕೊಂಡವರಿಗೆ ಒದಗುವ ಕಷ್ಟಗಳಲ್ಲಿ ಒಂದು ವಿಚಿತ್ರವಾದದ್ದು. ಒಳಗೆ ಎಲ್ಲಿಯೋ ನೀರು ಒಸರುತ್ತಿರುತ್ತದೆ; ಪಸೆ ಕಾಣುತ್ತದೆ, ಮೂಲ ಮಾತ್ರ ಕೈಗೆ ಸಿಕ್ಕುವುದಿಲ್ಲ. ಕಟ್ಟಿದವನು ಮೊದಲು ಕೊಳವೆಗಳನ್ನು ಹಾಯಿಸಿದ. ಆಮೇಲೆ ಅವುಗಳ ಮೇಲೆ ನೆಲ ಹಾಸಿದ, ಪಕ್ಕಕ್ಕೆ ಬೀರು ಜೋಡಿಸಿದ. ಫೈಬರಿನ ದೋಣಿಯಾದರೆ ಹೊರಕವಚದೊಳಗೆ ಇನ್ನೊಂದು ಒಳಕವಚವನ್ನೇ ಅಚ್ಚು ಹೊಯ್ದು ಕೂರಿಸಿರುವುದೂ ಉಂಟು. ಕಟ್ಟುವಾಗ ಕೊಳವೆ ಮೊದಲು, ಹೊದಿಕೆ ಆಮೇಲೆ. ರಿಪೇರಿಗೆ ಹೊದಿಕೆ ಮೊದಲು, ಕೊಳವೆ ಆಮೇಲೆ. ಮೂವತ್ತು ವರ್ಷದ ಮೇಲೆ ಬಂದವನು ಗರಗಸ ಹಿಡಿದು ಯೋಚಿಸುತ್ತ ನಿಲ್ಲಬೇಕಾಗುತ್ತದೆ: ಚೆನ್ನಾಗಿರುವುದನ್ನು ಕೊಯ್ಯಲೇ, ಕೆಟ್ಟಿರುವುದನ್ನು ಹಾಗೆಯೇ ಬಿಡಲೇ?

ಕಡಲಿಲ್ಲದ ಹಾಸನ ಜಿಲ್ಲೆಯಲ್ಲಿ ಕುಳಿತು ದೋಣಿಯ ಚಿಂತೆ ಏಕೆಂದು ಓದುಗರು ನಗಬಹುದು. ನಮ್ಮ ಹೊಸ ಬಡಾವಣೆಗಳ ಮನೆಗಳು ಈ ಒಂದು ವಿಷಯದಲ್ಲಿ ದೋಣಿಗಳೇ. ನಲ್ಲಿಯ ಕೊಳವೆಗಳು ಗೋಡೆಯೊಳಗೆ, ಅವುಗಳ ಮೇಲೆ ಗಾರೆ, ಗಾರೆಯ ಮೇಲೆ ಹೊಳೆಯುವ ಟೈಲ್ಸು. ‘ಎಲ್ಲಾ ಕನ್ಸೀಲ್ಡ್, ಸಾರ್’ ಎಂದು ಮೇಸ್ತ್ರಿ ಹೇಳುವಾಗ ಅವನ ದನಿಯಲ್ಲಿ ಹೆಮ್ಮೆ ಇರುತ್ತದೆ. ಗೃಹಪ್ರವೇಶಕ್ಕೆ ಬಂದವರೂ ಗೋಡೆಯ ನುಣುಪನ್ನು ಮೆಚ್ಚಿ ಹೋಗುತ್ತಾರೆ. ಆ ಗೋಡೆಯನ್ನು ಎಂದೋ ಒಂದು ದಿನ ಕೊರೆಯಬೇಕಾದವನಿಗೆ ಮಾತ್ರ ಆಮಂತ್ರಣ ಹೋಗಿರುವುದಿಲ್ಲ. ಅವನು ಯಾರೆಂಬುದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಆ ಮನುಷ್ಯನಿಗೆ ನಾವೇನಾದರೂ ಸಲ್ಲಿಸಬೇಕಾದದ್ದು ಉಂಟೇ? ನನ್ನ ಪ್ರಶ್ನೆ ಇಷ್ಟೇ.

ಮರೆಮಾಡುವುದೇ ತಪ್ಪು ಎಂದು ಹೇಳಿಬಿಡುವುದು ಸುಲಭ. ಹೇಮಾವತಿಯಲ್ಲಿಯೂ ಕಾವೇರಿಯಲ್ಲಿಯೂ ಜನರನ್ನು ದಾಟಿಸುತ್ತಿದ್ದ ಹರಿಗೋಲನ್ನು ನೆನೆಸಿಕೊಳ್ಳಿ. ಬಿದಿರಿನ ಹೆಣಿಗೆ, ಹೊರಗೆ ಹಿಂದಿನ ಕಾಲದಲ್ಲಿ ಚರ್ಮ, ಈಚೆಗೆ ಪ್ಲಾಸ್ಟಿಕ್ಕಿನ ಹಾಳೆ ಮತ್ತು ಡಾಂಬರು. ಅದರಲ್ಲಿ ಗುಟ್ಟು ಎಂಬುದೇ ಇಲ್ಲ. ತೂತು ಬಿದ್ದರೆ ಅಂಬಿಗನಿಗೂ ಕಾಣುತ್ತದೆ, ಒಳಗೆ ಕುಳಿತವನಿಗೂ ಕಾಣುತ್ತದೆ. ದಡಕ್ಕೆ ತಂದು ಬೋರಲು ಹಾಕಿ ಡಾಂಬರು ಬಳಿದರೆ ಮುಗಿಯಿತು. ಆದರೆ ಬಾಳನ್ನೆಲ್ಲ ಹರಿಗೋಲಿನಲ್ಲಿ ಕಳೆಯಲು ಬರುವುದಿಲ್ಲ. ನಮ್ಮ ರಕ್ತನಾಳಗಳು ಚರ್ಮದ ಕೆಳಗಿರುವುದು ಕ್ಷೇಮಕ್ಕಾಗಿಯೇ. ಬಚ್ಚಲಿನ ನೀರು ಕಣ್ಮರೆಯಾಗಿ ಹರಿಯುವುದು ಆರೋಗ್ಯಕ್ಕೂ ಒಳ್ಳೆಯದು, ಮರ್ಯಾದೆಗೂ ಒಳ್ಳೆಯದು. ಮನೆಯ ದುಃಖವನ್ನು ಬೀದಿಗೆ ತಾರದಿರುವುದೂ ಒಂದು ಸಂಸ್ಕಾರವೇ. ಆದ್ದರಿಂದ ಪ್ರಶ್ನೆ ಮರೆಮಾಡಬೇಕೇ ಬೇಡವೇ ಎಂಬುದಲ್ಲ. ಹೇಗೆ ಮರೆಮಾಡಬೇಕು ಎಂಬುದು.

ಮುಚ್ಚುವುದರಲ್ಲಿ ಎರಡು ಬಗೆ. ಒಂದು ಮುಚ್ಚಳ, ಇನ್ನೊಂದು ಸಮಾಧಿ. ಮುಚ್ಚಳ ಹಾಕಿದವನು ತೆರೆಯುವವನನ್ನು ನೆನೆದಿರುತ್ತಾನೆ. ಸಮಾಧಿ ಮಾಡಿದವನು ಇನ್ನು ತೆರೆಯುವ ಮಾತೇ ಇಲ್ಲವೆಂದು ತೀರ್ಮಾನಿಸಿರುತ್ತಾನೆ.

ಮುಚ್ಚಳದ ಬಗೆಗೆ ದೂರದ ಉದಾಹರಣೆ ಬೇಕಿಲ್ಲ. ಚನ್ನರಾಯಪಟ್ಟಣದ ಸೀಮೆಯಲ್ಲಿ ಹೊಳೆಯಿಲ್ಲದ ಊರುಗಳು ಕೆರೆಯನ್ನೇ ನಂಬಿ ಬದುಕಿದವು. ಕೆರೆಯ ತೂಬನ್ನು ನೋಡಿ. ನೀರು ಹರಿಯುವ ಕಾಲುವೆ ಏರಿಯ ಒಡಲಿನೊಳಗೆ ಹೂತಿರುತ್ತದೆ. ಅದರ ಬಾಯಿ ನೀರಿನ ತಳದಲ್ಲಿ. ಆದರೆ ಆ ಬಾಯಿಯ ನೇರಕ್ಕೆ ಕಲ್ಲುಗಂಬಗಳನ್ನು ನಿಲ್ಲಿಸಿ, ಅವುಗಳ ನಡುವೆ ಅಡ್ಡಗಲ್ಲುಗಳನ್ನು ಕೂರಿಸಿ, ಆ ಕಲ್ಲುಗಳಲ್ಲಿ ಒಂದರ ಕೆಳಗೊಂದು ತೂತು ಕೊರೆದಿರುತ್ತಾರೆ. ತೂತುಗಳ ಮೂಲಕ ಇಳಿದ ಗಳುವಿನ ತುದಿಯ ಬೆಣೆ ತಳದ ಬಾಯನ್ನು ಮುಚ್ಚುತ್ತದೆ. ಗಳುವನ್ನೆತ್ತಿದರೆ ನೀರು ಗದ್ದೆಗೆ ಹರಿಯುತ್ತದೆ. ಕೆರೆ ತುಂಬಿದಾಗಲೂ ಕಂಬದ ತಲೆ ನೀರಿನಿಂದ ಮೇಲಿರುತ್ತದೆ. ಕಟ್ಟಿದವನು ಸತ್ತು ನೂರಾರು ವರ್ಷಗಳಾದರೂ ‘ಬಾಯಿ ಇಲ್ಲಿದೆ’ ಎಂದು ಕಲ್ಲು ಹೇಳುತ್ತಲೇ ಇರುತ್ತದೆ. ಹಾಗೆಂದು ಎಲ್ಲರೂ ಹೋಗಿ ಗಳು ಎತ್ತುವಂತಿಲ್ಲ. ಅದಕ್ಕೆ ನೀರುಗಂಟಿ ಎಂಬವನೊಬ್ಬನಿದ್ದ. ಜಾಗ ಎಲ್ಲರಿಗೂ ಗೊತ್ತು, ತೆರೆಯುವ ಹೊಣೆ ಒಬ್ಬನದು. ಗುಟ್ಟಿಗೂ ಬಯಲಿಗೂ ನಡುವೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಹೊಳೆಯದು.

ಹಡಗು ಕಟ್ಟುವವರೂ ಈ ವಿವೇಕವನ್ನು ಅರಿಯದವರಲ್ಲ. ಹಳೆಯ ಮರದ ಹಡಗುಗಳ ತಳದಲ್ಲಿ, ಒಸರಿದ ನೀರು ಪಂಪಿನ ಕಡೆಗೆ ಹರಿಯಲೆಂದು ಅಡ್ಡತೊಲೆಗಳಲ್ಲಿ ಸಣ್ಣ ಕಂಡಿಗಳನ್ನು ಬಿಡುತ್ತಿದ್ದರು. ಅವು ಕಸ ಸೇರಿ ಕಟ್ಟಿಕೊಳ್ಳುವುದು ಸಹಜ. ಆದ್ದರಿಂದ ಕಂಡಿಗಳ ಉದ್ದಕ್ಕೂ ಒಂದು ಸರಪಳಿಯನ್ನು ಪೋಣಿಸಿಡುವ ಪದ್ಧತಿ ಇತ್ತು. ಅದನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡಿದರೆ ದಾರಿ ಬಿಡುತ್ತಿತ್ತು. ಮೇಲಣ ಹಲಗೆಗಳನ್ನೂ ಎತ್ತಿಡಲು ಬರುವಂತೆ ಸಡಿಲವಾಗಿಯೇ ಇಡುತ್ತಿದ್ದರು. ಇಂದಿನ ದೊಡ್ಡ ಕಲ್ಲಿನ, ಕಾಂಕ್ರೀಟಿನ ಅಣೆಕಟ್ಟುಗಳ ಒಡಲಲ್ಲಿ ಮನುಷ್ಯ ನಡೆದಾಡುವಷ್ಟು ಸುರಂಗವಿರುವುದೂ ಇದೇ ಕಾರಣಕ್ಕೆ: ಒಳಗೆ ಹೋಗಿ ಸೋರಿಕೆಯನ್ನು ಅಳೆಯಲಿಕ್ಕೆ. ತನ್ನ ಕೆಲಸ ಕೆಡಬಹುದೆಂದು ಒಪ್ಪಿಕೊಂಡವನ ಕೆಲಸವೇ ಬಾಳಿಕೆ ಬರುತ್ತದೆ. ಸಮಾಧಿ ಮಾಡುವವನ ಒಳಗೆ ಇರುವುದು ಅಹಂಕಾರ. ‘ನಾನು ಹಾಕಿದ ಕೊಳವೆ ಸೋರುವುದಿಲ್ಲ’ ಎಂಬುದು ಅದರ ಒಂದು ರೂಪ. ‘ಸೋರುವ ಹೊತ್ತಿಗೆ ನಾನಿರುವುದಿಲ್ಲ’ ಎಂಬುದು ಇನ್ನೊಂದು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಮನೆ ಕಟ್ಟುವವರಿಗೆ ಹೇಳಿದ ಬುದ್ಧಿಮಾತಾಗುತ್ತಿತ್ತು. ಆದರೆ ನಮ್ಮ ಪಟ್ಟಣಗಳ ಕೆಳಗೆ ಇನ್ನೊಂದು ಕೊಳವೆ ಇದೆ. ಅದಕ್ಕೆ ಮುಚ್ಚಳವೂ ಇದೆ, ಆ ಮುಚ್ಚಳಕ್ಕೆ ಮ್ಯಾನ್‌ಹೋಲ್ ಎಂಬ ಹೆಸರೂ ಇದೆ. ಮನುಷ್ಯ ಇಳಿಯುವ ತೂತು! ತೆರೆಯುವವನನ್ನು ನೆನೆಯುವುದೇ ಧರ್ಮವಾದರೆ ಇಲ್ಲಿ ನೆನೆದಿದ್ದಾರಲ್ಲ ಎನ್ನಬಹುದು. ಹೇಗೆ ನೆನೆದಿದ್ದಾರೆ ಎಂಬುದನ್ನು ನೋಡಬೇಕು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ಸಂಸತ್ತು 1993ರಲ್ಲಿ ಒಂದು ಕಾಯಿದೆ ಮಾಡಿತು, 2013ರಲ್ಲಿ ಇನ್ನೂ ಬಲವಾದ ಮತ್ತೊಂದನ್ನು ಮಾಡಿತು. ಚರಂಡಿಯಲ್ಲಿ ಉಸಿರುಕಟ್ಟಿ ಸತ್ತವರ ಕುಟುಂಬಗಳಿಗೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಆಜ್ಞೆ ಮಾಡಿ, 2023ರಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಸಾವು ನಿಂತಿದ್ದರೆ ಮೊತ್ತವನ್ನು ಏರಿಸುವ ಪ್ರಮೇಯವೇ ಬರುತ್ತಿರಲಿಲ್ಲ.

ನಾವು ನಮ್ಮ ಹೊಲಸನ್ನು ಅಷ್ಟು ನಿಶ್ಚಿಂತೆಯಿಂದ ಮರೆಮಾಡಲು ಸಾಧ್ಯವಾದದ್ದು, ಕಟ್ಟಿಕೊಂಡರೆ ಇಳಿಯುವವನೊಬ್ಬ ಇದ್ದೇ ಇರುತ್ತಾನೆ ಎಂಬ ನಂಬಿಕೆಯಿಂದ. ಅವನು ಯಾವ ಜಾತಿಯವನಾಗಿರುತ್ತಾನೆ ಎಂಬುದೂ ನಮಗೆ ಮೊದಲೇ ಗೊತ್ತಿತ್ತು. ಗೋಡೆಯ ಕೊಳವೆಯ ವಿಷಯದಲ್ಲಿ ಮುಂದೆ ಬರುವವನನ್ನು ಮರೆತಿದ್ದೆವು. ಇಲ್ಲಿ ಮರೆಯಲಿಲ್ಲ, ಅವನನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಕಟ್ಟಿದೆವು. ಮರೆವಿಗಿಂತ ಈ ನೆನಪು ಕ್ರೂರವಾದದ್ದು. ಮ್ಯಾನ್‌ಹೋಲುಗಳನ್ನು ಯಂತ್ರವೇ ಇಳಿಯುವ ತೂತುಗಳನ್ನಾಗಿ ಮಾಡುತ್ತೇವೆಂದು ಕೇಂದ್ರ ಸರ್ಕಾರ 2023ರ ಬಜೆಟ್ಟಿನಲ್ಲಿ ಸಾರಿತು. ಒಳ್ಳೆಯದೇ. ಆದರೆ ಹೆಸರು ಬದಲಾದರೆ ಸಾಲದು. ಯಂತ್ರ ತರಿಸುವುದಕ್ಕಿಂತ ಮನುಷ್ಯನನ್ನು ಇಳಿಸುವುದು ಅಗ್ಗ ಎಂಬ ಲೆಕ್ಕ ಬದಲಾಗಬೇಕು.

ಹೀಗಾಗಿ ಮೊದಲು ಹೇಳಿದ ಮಾತನ್ನು ತಿದ್ದಿ ಹೇಳಬೇಕಾಗಿದೆ. ತೆರೆಯುವ ದಾರಿ ಬಿಟ್ಟರೆ ಸಾಲದು. ಆ ದಾರಿಯಲ್ಲಿ ಹೋದವನು ಹಿಂದಿರುಗಿ ಬರುವಂತಿರಬೇಕು. ದಾರಿಯ ಅಗಲವನ್ನು ಅಳೆಯಬೇಕಾದದ್ದು ಮೇಲೆ ನಿಂತವನ ಅನುಕೂಲದಿಂದಲ್ಲ, ಒಳಗೆ ಕೈ ಹಾಕುವವನ ಕೈಯಿಂದ. ತಾನೇ ಇಳಿಯಲು ಒಪ್ಪದ ತೂತನ್ನು ಇನ್ನೊಬ್ಬನಿಗಾಗಿ ಕೊರೆಯುವ ಹಕ್ಕು ಯಾರಿಗೂ ಇಲ್ಲ.

ಇನ್ನು ಗರಗಸ ಹಿಡಿದು ನಿಂತಿರುವ ದೋಣಿಯವನು. ಅವನು ಕೊಯ್ಯಲೇಬೇಕು, ನೀರು ಅವನ ಸಂಕೋಚಕ್ಕಾಗಿ ಕಾಯುವುದಿಲ್ಲ. ಹಿಂದಿನವನ ತಪ್ಪಿಗೆ ಇಂದಿನ ಹೊದಿಕೆ ಬೆಲೆ ತೆರುತ್ತದೆ. ಅವನ ನಿಜವಾದ ಪರೀಕ್ಷೆ ಇರುವುದು ರಿಪೇರಿ ಮುಗಿದ ಮೇಲೆ. ಕೊಯ್ದ ಜಾಗವನ್ನು ಗುರುತೇ ಸಿಗದಂತೆ ಬೆಸೆದು ಬಣ್ಣ ಬಳಿದುಬಿಡುವ ಆಸೆ ಯಾರಿಗಾದರೂ ಆಗುತ್ತದೆ. ನೋಡುವುದಕ್ಕೆ ಅದೇ ಚೆಂದ. ಅದರ ಬದಲು ಅಲ್ಲಿ ನಾಲ್ಕು ತಿರುಪು ಹಾಕಿ ಒಂದು ಮುಚ್ಚಳ ಕೂರಿಸಿದರೆ ನುಣುಪು ಸ್ವಲ್ಪ ಕೆಡುತ್ತದೆ, ಮುಂದೆ ಬರುವವನಿಗೆ ಗರಗಸ ಬೇಕಾಗುವುದಿಲ್ಲ. ಹಿಂದಿನವರು ನಮಗೆ ಮಾಡಿಟ್ಟುಹೋದದ್ದನ್ನು ನಾವು ಬದಲಾಯಿಸಲಾರೆವು. ಮುಂದಿನವರಿಗೆ ಅದನ್ನೇ ಮಾಡಿಟ್ಟುಹೋಗದಿರುವುದು ನಮ್ಮ ಕೈಯಲ್ಲಿದೆ.