ಮಿಕ್ಕ ನೀರು ಯಾರದು?

ಬನವಾಸಿಯನ್ನು ಬಳಸಿ ಹರಿಯುವ ವರದಾ ನದಿಯನ್ನು ನೀವು ಮಳೆಗಾಲದಲ್ಲಿ ಕಂಡಿದ್ದರೆ, ಏಪ್ರಿಲ್ ತಿಂಗಳಲ್ಲಿ ಅದರ ಗುರುತು ಹಿಡಿಯುವುದು ಕಷ್ಟ. ಮಳೆಗಾಲದಲ್ಲಿ ಅದು ದಂಡೆ ಮೀರಿ ಗದ್ದೆಗಳನ್ನು ನುಂಗುತ್ತದೆ. 2019ರ ಆಗಸ್ಟ್‌ನ ನೆರೆಯನ್ನು ಆ ಭಾಗದ ರೈತರು ಮರೆತಿಲ್ಲ. ಬೇಸಿಗೆಯಲ್ಲಾದರೋ ಗುಂಡಿಗಳಲ್ಲಿ ನಿಂತ ನೀರಷ್ಟೇ ಉಳಿದಿರುತ್ತದೆ. ಸಾಗರ ತಾಲೂಕಿನ ವರದಾಮೂಲದಲ್ಲಿ ಹುಟ್ಟುವ ಈ ಹೊಳೆ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಅದರ ಒಂದು ತುದಿ ಮಲೆನಾಡು, ಇನ್ನೊಂದು ತುದಿ ಬಯಲುಸೀಮೆ.

ಈ ವರದೆಗೆ ಬೇಡ್ತಿಯ ನೀರನ್ನು ತಿರುಗಿಸಬೇಕೆಂಬ ಯೋಜನೆ ದಶಕಗಳಿಂದ ಚರ್ಚೆಯಲ್ಲಿದೆ. ಬೇಡ್ತಿಯು ಧಾರವಾಡ ಸೀಮೆಯಲ್ಲಿ ಹುಟ್ಟಿ, ಯಲ್ಲಾಪುರದ ಕಾಡುಗಳನ್ನು ಹಾದು, ಗಂಗಾವಳಿ ಎಂಬ ಹೆಸರಿನಿಂದ ಅಂಕೋಲೆಯ ಬಳಿ ಕಡಲು ಸೇರುವ ನದಿ. ರಾಷ್ಟ್ರೀಯ ಜಲ ಅಭಿವೃದ್ಧಿ ಸಂಸ್ಥೆಯ ಮೊದಲಿನ ಪ್ರಸ್ತಾವದಂತೆ ವರ್ಷಕ್ಕೆ 242 ದಶಲಕ್ಷ ಘನ ಮೀಟರ್, ಅಂದರೆ ಸುಮಾರು ಎಂಟೂವರೆ ಟಿ.ಎಂ.ಸಿ. ನೀರು ರಾಯಚೂರು ಭಾಗದ ಹೊಲಗಳಿಗೆ ಹೋಗಬೇಕಿತ್ತು. ಶಿರಸಿ, ಯಲ್ಲಾಪುರದ ಜನರು ಸ್ವರ್ಣವಲ್ಲಿ ಮಠದ ಮುಂದಾಳತ್ವದಲ್ಲಿ ಇದನ್ನು ವಿರೋಧಿಸುತ್ತಿದ್ದಾರೆ. 1980ರ ಆಸುಪಾಸಿನಲ್ಲಿ ಇದೇ ನದಿಯ ಜಲವಿದ್ಯುತ್ ಯೋಜನೆಯೂ ಜನವಿರೋಧದಿಂದಾಗಿ ನಿಂತುಹೋಗಿತ್ತು. ಇತ್ತ ಹಾವೇರಿ ಕಡೆಯ ರೈತರು ನೀರು ಬರಲೇಬೇಕೆನ್ನುತ್ತಾರೆ. ‘ಸುಮ್ಮನೆ ಸಮುದ್ರ ಸೇರುವ ನೀರನ್ನು ಬಾಯಾರಿದವನಿಗೆ ಕೊಟ್ಟರೆ ತಪ್ಪೇನು?’ ಎಂಬುದು ಅವರ ಪ್ರಶ್ನೆ.

ಓದುಗರೇ, ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲು ನಮ್ಮಿಂದಾಗದು. ಏಕೆಂದರೆ ತನ್ನ ಅಗತ್ಯಕ್ಕಿಂತ ಮಿಕ್ಕ ನೀರನ್ನು ದಾರಿಹೋಕನಿಗೆ ಕೊಡದೆ ತಡೆದವನ ಕಡೆಗೆ ಅಲ್ಲಾಹನು ಅಂತ್ಯದಿನದಂದು ದೃಷ್ಟಿ ಹರಿಸಲಾರನೆಂದು ಪ್ರವಾದಿಯವರು(ಸ) ಎಚ್ಚರಿಸಿದ್ದಾರೆ. ನೀರು, ಹುಲ್ಲು ಮತ್ತು ಬೆಂಕಿಯಲ್ಲಿ ಜನರೆಲ್ಲರೂ ಪಾಲುದಾರರೆಂದೂ ಕಲಿಸಿದ್ದಾರೆ. ಮೋಡದಿಂದ ನೀರನ್ನು ಇಳಿಸಿದವರು ನೀವೋ ನಾವೋ ಎಂದು ಪವಿತ್ರ ಕುರ್‌ಆನ್ ಮಾನವನನ್ನು ಪ್ರಶ್ನಿಸುತ್ತದೆ. ಹೀಗಿರುವಾಗ ‘ನಮ್ಮ ನದಿ, ನಮ್ಮ ನೀರು’ ಎಂಬ ಮಾತನ್ನು ನಾವು ಬಹಳ ಅಳುಕಿನಿಂದಲೇ ಆಡಬೇಕು. ನೀರು ನಮ್ಮ ಕೈಗೆ ಬಂದಿರುವ ಅಮಾನತ್ತೇ ಹೊರತು ನಮ್ಮ ಸೊತ್ತಲ್ಲ.

ಆದರೆ ಮಿಕ್ಕದ್ದು ಯಾವುದೆಂದು ನಿರ್ಧರಿಸುವವರು ಯಾರು? ಸಮುದ್ರ ಸೇರುವ ನೀರು ವ್ಯರ್ಥವೆಂದು ಹೇಳುವುದು ಸುಲಭ. ಹೊಳೆಯ ಸಿಹಿನೀರು ಕಡಿಮೆಯಾದರೆ ಕಡಲಿನ ಉಪ್ಪು ಒಳನಾಡಿನತ್ತ ಏರುತ್ತದೆ. ಅಳಿವೆಯ ಮೀನನ್ನೇ ನಂಬಿದವನ ಬಲೆ ಬರಿದಾಗುತ್ತದೆ, ತೀರದ ಬಾವಿಗಳು ಕೆಡುತ್ತವೆ. ಕಾಲುವೆ ಮತ್ತು ಕೊಳವೆಗಾಗಿ ಕಡಿದ ಕಾಡು ಮರಳಿ ಬೆಳೆಯಲು ತಲೆಮಾರುಗಳೇ ಬೇಕು. ದುರ್ಬಲನ ಅಗತ್ಯವನ್ನು ಲೆಕ್ಕಕ್ಕೇ ಹಿಡಿಯದೆ ಉಳಿದದ್ದನ್ನು ಹೆಚ್ಚುವರಿಯೆಂದು ಕರೆಯುವುದು ನ್ಯಾಯವಲ್ಲ.

ಮದೀನಾದಲ್ಲಿಯೂ ನೀರಿನ ವ್ಯಾಜ್ಯಗಳಿದ್ದವು. ಮಳೆ ಬಂದಾಗ ಹರಿಯುವ ತೊರೆಯೊಂದರ ವಿಷಯದಲ್ಲಿ ಪ್ರವಾದಿಯವರು(ಸ) ನೀಡಿದ ತೀರ್ಪು ಪ್ರಸಿದ್ಧವಾದುದು. ಮೇಲಿನ ಹೊಲದವನು ಕಾಲಿನ ಹರಡು ಮುಳುಗುವಷ್ಟು ನೀರನ್ನು ಕಟ್ಟಿಕೊಳ್ಳಬೇಕು, ಬಳಿಕ ಕೆಳಗಿನವನಿಗೆ ಬಿಡಬೇಕು. ಮೇಲಿನವನ ಹಕ್ಕನ್ನು ಈ ತೀರ್ಪು ಕಸಿಯಲಿಲ್ಲ. ಆದರೆ ಅದಕ್ಕೊಂದು ಅಳತೆಯನ್ನು ಇಟ್ಟಿತು. ಆ ಅಳತೆಯೂ ಎಂಥದು? ಇಬ್ಬರೂ ಕಣ್ಣಾರೆ ಕಂಡು ಒಪ್ಪುವಂಥದು.

ಇಂದು ನಮ್ಮಲ್ಲಿ ಆ ಹರಡಿನ ಗುರುತು ಎಲ್ಲಿದೆ? ಬೋರ್‌ವೆಲ್ಲಿಗೆ ಅಂಥ ಗುರುತೇ ಇಲ್ಲ. ನೀವು ಅನಾನಸ್ ಅಥವಾ ಶುಂಠಿಯ ಬೆಳೆಗಾಗಿ ನೂರಾರು ಅಡಿ ಕೊರೆಸಿದಿರೆಂದು ಭಾವಿಸಿ. ಮುಂದಿನ ಬೇಸಿಗೆಗೆ ಪಕ್ಕದ ಮನೆಯ ಮುದುಕಿಯ ಬಾವಿ ಬತ್ತುತ್ತದೆ. ಜಮೀನು ನಿಮ್ಮದು, ಹಣ ನಿಮ್ಮದು, ಪರವಾನಿಗೆಯೂ ಇದೆ. ಕಾನೂನಿನ ಮುಂದೆ ನೀವು ನಿರಪರಾಧಿ. ಅಲ್ಲಾಹನ ಮುಂದೆ? ಬೇಡ್ತಿಯನ್ನು ಉಳಿಸಿರೆಂದು ಸಭೆಯಲ್ಲಿ ಕೂಗಿ ಬಂದು, ಮಾರ್ಚ್ ತಿಂಗಳಲ್ಲಿ ವರದೆಗೆ ಹಗಲಿರುಳು ಪಂಪು ಹಚ್ಚುವವನು ಕೆಳಗಿನ ಊರಿನವನಿಗೆ ಏನೆಂದು ಉತ್ತರಿಸುವನು? ಹಾಗೆಯೇ ತನ್ನೂರ ಕೆರೆಯನ್ನು ಒತ್ತುವರಿ ಮಾಡಿ, ಹೂಳು ತುಂಬಲು ಬಿಟ್ಟವನು ಇನ್ನೊಬ್ಬರ ನದಿಯನ್ನು ಯಾವ ಮುಖದಿಂದ ಕೇಳುವನು?

ಇದನ್ನೆಲ್ಲ ಸರಕಾರ ಮತ್ತು ಇಂಜಿನಿಯರರು ನೋಡಿಕೊಳ್ಳುತ್ತಾರೆ, ಸತ್ಯವಿಶ್ವಾಸಿಗೆ ಇಲ್ಲೇನು ಕೆಲಸ ಎಂದು ಕೆಲವರು ಕೇಳುತ್ತಾರೆ. ಮದೀನಾದಲ್ಲಿ ಸಿಹಿನೀರಿಗೆ ಕೊರತೆಯಾದಾಗ ಹಝ್ರತ್ ಉಸ್ಮಾನ್(ರ) ರೂಮಾ ಬಾವಿಯನ್ನು ಸ್ವಂತ ಹಣದಿಂದ ಕೊಂಡು ಎಲ್ಲರಿಗಾಗಿ ಬಿಟ್ಟುಕೊಟ್ಟರು. ಬನವಾಸಿಯ ನೆರೆಯ ತಾಳಗುಂದದ ಶಾಸನವು ಕದಂಬ ದೊರೆ ಕಾಕುಸ್ಥವರ್ಮನು ಕೆರೆ ಕಟ್ಟಿಸಿದುದನ್ನು ಸಾರುತ್ತದೆ. ಅದಾಗಿ ಸುಮಾರು ಸಾವಿರದೈನೂರು ವರ್ಷಗಳು ಸಂದಿವೆ. ಶಿರಸಿಯಲ್ಲಿ ಜೀವಜಲ ಕಾರ್ಯಪಡೆಯ ನಾಗರಿಕರು ಕೆರೆಗಳ ಹೂಳೆತ್ತಿಸಿದ್ದಾರೆ. ಆ ಕೆರೆಯ ನೀರು ಯಾರ ಜಾತಿ, ಮತವನ್ನೂ ಕೇಳುವುದಿಲ್ಲ.

ಹಾಗಾದರೆ ಬೇಡ್ತಿಯ ನೀರನ್ನು ಕೊಡಬೇಕೇ, ಬೇಡವೇ? ಮೊದಲು ಮನುಷ್ಯರ ಮತ್ತು ಜಾನುವಾರುಗಳ ಬಾಯಾರಿಕೆ, ಅನಂತರ ಅನ್ನದ ಬೆಳೆ, ಕೊನೆಗೆ ಲಾಭದ ಬೆಳೆ. ಈ ಕ್ರಮದಲ್ಲಿ ಎರಡೂ ಸೀಮೆಯವರು ಎದುರುಬದುರು ಕುಳಿತು ಲೆಕ್ಕ ಹೇಳಲಿ. ಕುಡಿಯುವ ನೀರಿಗೆ ನಿಜವಾದ ಕೊರತೆಯಿದ್ದು, ತಮ್ಮ ಕೆರೆಗಳನ್ನು ತುಂಬಿಸಿಕೊಂಡ ಮೇಲೂ ಅದು ನೀಗದಿದ್ದರೆ, ಮಲೆನಾಡಿನವನು ಮುಖ ತಿರುಗಿಸುವಂತಿಲ್ಲ. ಕೇಳುತ್ತಿರುವುದು ಲಾಭದ ಬೆಳೆಗಾದರೆ, ಅದಕ್ಕಾಗಿ ಒಂದು ಕಾಡನ್ನೂ ಒಂದು ಅಳಿವೆಯನ್ನೂ ಬಲಿಕೊಡೆಂದು ಕೇಳುವ ಹಕ್ಕು ಬಯಲಿನವನಿಗಿಲ್ಲ.

ಹರಿಯುವ ಹೊಳೆಯ ದಡದಲ್ಲಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂದು ಪ್ರವಾದಿಯವರು(ಸ) ಹೇಳಿದರೆಂಬ ವರದಿಯಿದೆ. ಇಂದಿನ ನಮಾಝಿಗೆ ವುಝೂ ಮಾಡುವಾಗ ಆ ನಳ್ಳಿಯಿಂದಲೇ ಲೆಕ್ಕವನ್ನು ಆರಂಭಿಸಿರಿ. ಬಳಿಕ ನಿಮ್ಮ ತೋಟದ ಪಂಪಿನ ಬಳಿಗೆ ಹೋಗಿರಿ. ಅಲ್ಲಾಹನು ನಮ್ಮೆಲ್ಲರಿಗೂ ನ್ಯಾಯದ ಅಳತೆಯನ್ನು ಅರಿಯುವ ಸದ್ಬುದ್ಧಿಯನ್ನು ಅನುಗ್ರಹಿಸಲಿ.