ಆಣೆ ಇಟ್ಟ ಓಟು

2023ರ ಮೇ 10, ವಿಧಾನಸಭೆಗೆ ಮತದಾನದ ದಿನ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ, ಬೆಳಗ್ಗೆ ಸಕಲೇಶಪುರದಲ್ಲಿ ಇಳಿದು ಊರು ಸೇರಿದರೆ ಅವ್ವ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದಳು. ಎರಡು ದಿನದ ಹಿಂದೆ ಯಾರೋ ಬಂದು ಐನೂರು ರೂಪಾಯಿ ಕೈಗಿಟ್ಟು, ಯೇಸು ಸ್ವಾಮಿ ಮೇಲೆ ಆಣೆ ಮಾಡಿಸಿಕೊಂಡು ಹೋಗಿದ್ದರಂತೆ. ಪಕ್ಕದ ಮನೆಯಲ್ಲಿ ಧರ್ಮಸ್ಥಳದ ಮಂಜುನಾಥ, ನಮ್ಮ ಮನೆಯಲ್ಲಿ ಯೇಸು. ಈ ಒಂದು ವ್ಯಾಪಾರದಲ್ಲಿ ಎಲ್ಲ ಧರ್ಮವೂ ಸಮ.

"ನನ್ ಮನಸಲ್ಲಿರೋರು ಬೇರೆ ಕಣಪ್ಪ. ಆದ್ರೆ ದೇವರ ಹೆಸ್ರು ಎತ್ಬಿಟ್ಟಿದೀನಲ್ಲ, ಹೆಂಗೆ ತಪ್ಪೋದು?"

ದುಡ್ಡು ಕೊಡೋದೂ ಅಪರಾಧ, ತಗೊಳೋದೂ ಅಪರಾಧ ಅಂತ ನಾನು ಕಾನೂನು ಹೇಳಬಹುದಿತ್ತು. ಆದರೆ ಅವಳಿಗೆ ಪೊಲೀಸರ ಭಯ ಇರಲಿಲ್ಲ, ಮಾತು ತಪ್ಪುವ ಭಯ ಇತ್ತು. ಪುಣ್ಯಕೋಟಿ ಕಥೆ ಕೇಳಿ ಬೆಳೆದ ನಾಡಿನಲ್ಲಿ ಅದು ಸಣ್ಣ ಭಯವಲ್ಲ.

ಅದಕ್ಕೇ ಹೆರೋದನ ಕಥೆ ನೆನಪಿಸಿದೆ. ಹುಟ್ಟುಹಬ್ಬದ ಔತಣದಲ್ಲಿ ಕುಣಿದ ಹುಡುಗಿಗೆ, ಕೇಳಿದ್ದು ಕೊಡ್ತೀನಿ ಅಂತ ಅವನೂ ಆಣೆ ಮಾಡಿದ್ದ. ಅವಳು ಸ್ನಾನಿಕ ಯೊವಾನ್ನರ ತಲೆ ಕೇಳಿದಳು. ಅರಸನಿಗೆ ಸಂಕಟವಾಯಿತು, ಆದರೂ ಅತಿಥಿಗಳೆದುರು ಮಾತು ಹೋಗಬಾರದು ಅಂತ ತಲೆ ತೆಗೆಸಿದ. ಹೆರೋದ ಮಾತಿಗೆ ತಪ್ಪಲಿಲ್ಲ. ಅದಕ್ಕಾಗಿ ಅವನನ್ನ ಸತ್ಯವಂತ ಅಂತ ಯಾರಾದರೂ ಕರೀತಾರಾ? ಪುಣ್ಯಕೋಟಿ ಮಾತು ಉಳಿಸಿಕೊಳ್ಳಲು ಹೊರಟಿದ್ದು ತನ್ನ ಪ್ರಾಣ ಕೊಟ್ಟು, ಹೆರೋದ ಉಳಿಸಿಕೊಂಡಿದ್ದು ಇನ್ನೊಬ್ಬರ ಪ್ರಾಣ ತೆಗೆದು. ಓಟಿಗೆ ಇಟ್ಟ ಆಣೆಯ ಬೆಲೆಯನ್ನೂ ತೆರೋದು ನಾವೊಬ್ಬರೇ ಅಲ್ಲ, ಊರಿನವರೆಲ್ಲ. ಅಂಥ ಆಣೆ ಮುರಿಯೋದು ಪಾಪವಲ್ಲ, ಇಟ್ಟಿದ್ದೇ ತಪ್ಪು ಅಂದೆ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ನೀನು ಯಾರಿಗೆ ಹಾಕ್ತೀಯ? ಯಾಕೆ?" ಅಂದಳು.

ನನ್ನ ಉತ್ತರ ತಯಾರಿತ್ತು. ಮತಾಂತರ ತಡೆ ಕಾಯ್ದೆ ತೆಗೀತೀವಿ ಅಂದವರಿಗೆ. 2021ರ ಡಿಸೆಂಬರ್‌ನಲ್ಲಿ ವಿಧಾನಸಭೆಯಲ್ಲಿ ಪಾಸಾಗಿ, 2022ರಲ್ಲಿ ಜಾರಿಗೆ ಬಂದ ಕಾಯ್ದೆ ಅದು. ಮತ ಬದಲಿಸುವವನು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಮನೆಯಲ್ಲಿ ನಾಲ್ಕು ಜನ ಸೇರಿ ಪ್ರಾರ್ಥನೆ ಮಾಡಿದರೂ ಯಾರಾದರೂ ಬಾಗಿಲು ಬಡಿದಾರು ಅನ್ನೋ ಅಳುಕು ಆಗ ನಿಜವಾಗಿತ್ತು.

"ಅಂದ್ರೆ ನೀನೂ ನಮಗೇನು ಸಿಗುತ್ತೆ ಅಂತಲೇ ನೋಡ್ದೆ. ಲೈನ್ ಮನೇಲಿರೋ ಆ ಅಸ್ಸಾಮಿನವರಿಗೆ ಯಾರು ನೋಡ್ತಾರೆ?"

ಉತ್ತರ ತೋಚಲಿಲ್ಲ. ಅವಳ ಐನೂರಕ್ಕೂ ನನ್ನ ಕಾರಣಕ್ಕೂ ವ್ಯತ್ಯಾಸ ಇದೆ ಅಂತ ಈಗಲೂ ವಾದ ಮಾಡಬಲ್ಲೆ. ಒಂದು ಲಂಚ, ಇನ್ನೊಂದು ಸಂವಿಧಾನದ 25ನೇ ವಿಧಿ ಎಲ್ಲರಿಗೂ ಕೊಟ್ಟ ಹಕ್ಕು. ಆದರೆ ನಾನದನ್ನ ಎಲ್ಲರ ಹಕ್ಕು ಅಂತ ನೋಡಿದ್ದೆನಾ? ಇಲ್ಲ. ನಮ್ಮವರ ತಲೆ ಮೇಲಿನ ಸೂರು ಅಂತ ನೋಡಿದ್ದೆ. ಜೂನ್ 15ರಂದು ಹೊಸ ಸಂಪುಟ ಆ ಕಾಯ್ದೆ ರದ್ದು ಮಾಡಲು ತೀರ್ಮಾನಿಸಿದಾಗ ಖುಷಿಪಟ್ಟೆ. ಅಲ್ಲಿಗೆ ನನ್ನ ರಾಜಕೀಯವೂ ಮುಗಿದಿತ್ತು.

ನಮ್ಮ ಕ್ಷೇತ್ರದಲ್ಲಿ ಒಂದು ವಿಚಿತ್ರ ಇದೆ. ಸಕಲೇಶಪುರ, ಆಲೂರು ಎರಡೂ ತಾಲ್ಲೂಕು ಸೇರುವ ಇದು ಪರಿಶಿಷ್ಟ ಜಾತಿಗೆ ಮೀಸಲು. 1950ರ ರಾಷ್ಟ್ರಪತಿ ಆದೇಶ ಆ ಸ್ಥಾನವನ್ನ ಮೊದಲು ಹಿಂದೂಗಳಿಗೆ ಮಾತ್ರ ಕೊಟ್ಟಿತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ದಲಿತ ಕ್ರೈಸ್ತರು ಈಗಲೂ ಹೊರಗೆ. ಹಾಗಾಗಿ ಇಲ್ಲಿ ಕ್ರೈಸ್ತ ಅಭ್ಯರ್ಥಿ ನಿಲ್ಲೋ ಹಾಗೇ ಇಲ್ಲ. ಇದು ಅನ್ಯಾಯವೇ. ಆದರೆ ಇದರಿಂದ ನನಗೊಂದು ಪಾಠ ಆಯ್ತು. ಅಭ್ಯರ್ಥಿ 'ನಮ್ಮವನಾ' ಅನ್ನೋ ಪ್ರಶ್ನೆ ಇಲ್ಲಿ ಏಳೋದೇ ಇಲ್ಲ. ಉಳಿಯೋದು 'ಯಾರಿಗಾಗಿ ನಿಂತವನು' ಅನ್ನೋದು.

ಶುಭಸಂದೇಶದ ಸಮಾರಿಯದವನ ಕಥೆಯೂ ಇದನ್ನೇ ಹೇಳುತ್ತೆ. ದಾರೀಲಿ ಬಿದ್ದವನನ್ನ ಎತ್ತಿದವನು ಯಾಜಕನಲ್ಲ, ಲೇವಿಯನಲ್ಲ, ಬೇರೆ ಜನದವನು. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿದ್ದೂ, ಮತವನ್ನ ಎಲ್ಲರ ಒಳಿತಿಗಾಗಿ ಬಳಸೋದು ಹಕ್ಕು ಮಾತ್ರ ಅಲ್ಲ, ಕರ್ತವ್ಯ ಅಂತ. ಸಭೆಯ ಒಳಿತಿಗೆ ಅಂತ ಹೇಳಲಿಲ್ಲ, ಎಲ್ಲರ ಒಳಿತಿಗೆ ಅಂದಿತು.

ಹಾಗಾದರೆ ಅಭ್ಯರ್ಥಿಯನ್ನ ಅಳೆಯೋದು ಹೇಗೆ? ಅವ್ವನ ಪ್ರಶ್ನೆಯೇ ನನಗೆ ಅಳತೆಗೋಲು. ನಮ್ಮ ಕಾಫಿ ತೋಟಗಳಲ್ಲಿ ದುಡಿಯೋ ಅಸ್ಸಾಮಿನವರಲ್ಲಿ ಹೆಚ್ಚಿನವರ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲಿಲ್ಲ. ಓಟಿಲ್ಲದವರ ಲೈನಿಗೆ ಐನೂರು ರೂಪಾಯಿ ಕೂಡ ಹೋಗೋದಿಲ್ಲ. ಬೆಳಗಿನ ಮಂಜಲ್ಲಿ ಆನೆ ಎಲ್ಲಿದೆಯೋ ಅಂತ ಗೊತ್ತಿಲ್ಲದೆ ತೋಟಕ್ಕೆ ನಡೆಯೋರು ಅವರೇ. ಅದೇ ವರ್ಷ ಡಿಸೆಂಬರ್ 4ರಂದು ಯಸಳೂರು ಕಡೆ ಕಾಡಾನೆ ಹಿಡಿಯೋ ಕೆಲಸದಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ ಸತ್ತಾಗ ಇಡೀ ನಾಡು ಅತ್ತಿತು. ನಾನೂ ಅತ್ತೆ. ಆದರೆ ಆನೆ ತುಳಿತಕ್ಕೆ ಸತ್ತ ಕೂಲಿಯವರ ಹೆಸರು ಎಷ್ಟು ಜನಕ್ಕೆ ನೆನಪಿದೆ?

ಹಸಿದವನಿಗೆ, ಪರದೇಶಿಗೆ ಮಾಡಿದ್ದು ನನಗೇ ಮಾಡಿದ ಹಾಗೆ ಅಂತ ಯೇಸು ಹೇಳಿದ್ದು ನಾವು ಪೂಜೆಯಲ್ಲಿ ಕೇಳ್ತೀವಿ. ಓಟಿನ ದಿನ ಮರೀತೀವಿ. ಇನ್ನು ಮುಂದೆ ಓಟು ಕೇಳೋಕೆ ಬಂದವರನ್ನ ನಾನು ಕೇಳೋದು ಇಷ್ಟೇ: ನಿಮಗೆ ಓಟು ಹಾಕಲಾಗದವರಿಗೆ ನೀವೇನು ಮಾಡಿದ್ದೀರಿ? ಚರ್ಚಿನ ಕಾಂಪೌಂಡಿಗೆ ಕೊಡ್ತೀನಿ ಅಂದ ಅನುದಾನ ಆಮೇಲಿನ ಮಾತು. ನಿಜ ಹೇಳಬೇಕಂದ್ರೆ, ಸಂತೋಷದ ಉತ್ತರ ಯಾವ ಪಕ್ಷದವರಿಂದಲೂ ಸಿಗಲಿಕ್ಕಿಲ್ಲ. ಇರುವವರಲ್ಲಿ ಆ ಪ್ರಶ್ನೆ ಕೇಳಿ ತಲೆ ತಗ್ಗಿಸುವವನನ್ನಾದರೂ ಹುಡುಕಬೇಕು.

ಆ ಸಲ ನಮ್ಮ ಕ್ಷೇತ್ರದಲ್ಲಿ ಗೆದ್ದವರಿಗೂ ಸೋತವರಿಗೂ ಸುಮಾರು ಎರಡು ಸಾವಿರ ಓಟಿನ ವ್ಯತ್ಯಾಸ. ನಮ್ಮಂಥವರ ಓಟು ಲೆಕ್ಕಕ್ಕಿಲ್ಲ ಅನ್ನೋ ಹಾಗಿಲ್ಲ.

ಆ ಐನೂರನ್ನ ಅವ್ವ ಚರ್ಚಿನ ಹುಂಡಿಗೆ ಹಾಕ್ತೀನಿ ಅಂದಳು. ಯೂದ ಎಸೆದು ಹೋದ ಬೆಳ್ಳಿ ನಾಣ್ಯವನ್ನ ಯಾಜಕರೂ ಹುಂಡಿಗೆ ಹಾಕಲಿಲ್ಲ ಅಂತ ನೆನಪಿಸಿದೆ. ಕೊನೆಗೆ ಕೊಟ್ಟವನನ್ನೇ ಹುಡುಕಿ ವಾಪಸ್ ಕೊಟ್ಟಳಂತೆ. ಅವನು ನಕ್ಕು ಜೇಬಿಗಿಟ್ಟುಕೊಂಡನಂತೆ. ಯಾರಿಗೆ ಹಾಕಿದೆ ಅಂತ ಅವಳು ಇವತ್ತಿಗೂ ಹೇಳಿಲ್ಲ. ನಾನೂ ಕೇಳಿಲ್ಲ.