ಊರು ಒಗ್ಗುವುದು ಅಡುಗೆಮನೆಯಿಂದ

ವರ್ಗವಾಗಿ ಕೊಡಗಿಗೆ ಬಂದ ಅನೇಕರು ಇಲ್ಲಿ ಮೂರು ನಾಲ್ಕು ವರ್ಷ ಕಳೆದರೂ ಕೊಡಗನ್ನು ಅಂಗಡಿಯಿಂದಾಚೆ ನೋಡದೆ ಹಿಂದಿರುಗುತ್ತಾರೆ. ಬ್ಯಾಂಕಿನವರು, ಶಾಲೆಯ ಮೇಷ್ಟ್ರು, ಆಸ್ಪತ್ರೆಯ ಸಿಬ್ಬಂದಿ, ಎಲ್ಲರೂ ರಜೆಗೆ ಊರಿಗೆ ಹೊರಟಾಗ ಹೋಂಮೇಡ್ ಚಾಕೊಲೇಟು, ಕಾಫಿಪುಡಿ ಕಟ್ಟಿಸಿಕೊಳ್ಳುತ್ತಾರೆ. ದಿನದ ಊಟಕ್ಕೆ ಮಾತ್ರ ಊರಿಂದ ತಂದ ಸಾರಿನಪುಡಿಯೇ. ಜೂನ್‌ನಲ್ಲಿ ಮಳೆ ಹಿಡಿಯುತ್ತಿದ್ದಂತೆ ಬೇಸರ ಶುರುವಾಗುತ್ತದೆ, ಮತ್ತೆ ವರ್ಗಾವಣೆಯ ಅರ್ಜಿ. ಪರಊರಿನ ಬೇಸರಕ್ಕೆ ನಾನು ಕಂಡ ಒಳ್ಳೆಯ ಮದ್ದು ಒಂದೇ: ಅಲ್ಲಿಯ ಕಾಲಕ್ಕೆ ತಕ್ಕಂತೆ ಉಣ್ಣುವುದು, ಉಣ್ಣುವ ಮೊದಲು ಮಾಡುವವರ ಜೊತೆ ಕೈಜೋಡಿಸುವುದು.

ಕೊಡಗಿನಲ್ಲಿ ಇದಕ್ಕೆ ಮಳೆಗಾಲದಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ. ಬಿದಿರು ಮೆಳೆಯಲ್ಲಿ ಕಣಿಲೆ ಏಳುವುದು ಆಗಲೇ. ಅದನ್ನು ತಂದ ದಿನವೇ ಬೇಯಿಸುವಂತಿಲ್ಲ; ಸಣ್ಣಗೆ ಹೆಚ್ಚಿ, ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಹಾಕಬೇಕು, ಇಲ್ಲದಿದ್ದರೆ ಅದರೊಳಗಿನ ವಿಷದ ಅಂಶ ಹೋಗುವುದಿಲ್ಲ. ಪನಪುಳಿ ಹಣ್ಣು ಉದುರುವುದೂ ಮಳೆಯಲ್ಲೇ. ಹಣ್ಣನ್ನು ಬುಟ್ಟಿಗೆ ತುಂಬಿಟ್ಟರೆ ಕೊಳೆತು ರಸ ಕೆಳಗಿನ ಪಾತ್ರೆಗೆ ತೊಟ್ಟಿಕ್ಕುತ್ತದೆ. ಆ ರಸವನ್ನು ಕಪ್ಪಗೆ, ಗಟ್ಟಿಯಾಗುವವರೆಗೆ ಕುದಿಸಿದರೆ ಕಾಚಂಪುಳಿ. ಹಂದಿಮಾಂಸದ ಪಂದಿಕರಿಯ ಹುಳಿ ಅದರದ್ದೇ. ಒಮ್ಮೆ ಆ ಒಲೆಯ ಮುಂದೆ ಕೂತು ಎಷ್ಟು ಹಣ್ಣಿಗೆ ಎಷ್ಟು ಹುಳಿ ಇಳಿಯುತ್ತದೆಂದು ನೋಡಿದವರು ಸಣ್ಣ ಬಾಟಲಿಯ ಬೆಲೆ ಕೇಳಿ ಹುಬ್ಬೇರಿಸುವುದಿಲ್ಲ.

ಜುಲೈ ನಡುವಿನಿಂದ ಕಕ್ಕಡ ಮಾಸ. ಅದರ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಗುಣ ಸೇರುತ್ತದೆಂದು ಇಲ್ಲಿಯವರ ನಂಬಿಕೆ. ಸೊಪ್ಪನ್ನು ಕುದಿಸಿದರೆ ನೀರು ಗಾಢ ನೇರಳೆಯಾಗುತ್ತದೆ. ಆ ನೀರಿನಲ್ಲೇ ಪಾಯಸ, ಪುಟ್ಟು. ಕೊಡವರ ಮನೆಗಳಲ್ಲಿ ಮಾತ್ರವಲ್ಲ, ಅರೆಭಾಷೆ ಗೌಡರ ಮನೆಗಳಲ್ಲೂ ಆ ದಿನ ಇದೇ ಪರಿಮಳ. ಮರುದಿನ ಮೂತ್ರ ಕೆಂಪಾದರೆ ಗಾಬರಿಯಾಗಬೇಡಿ ಎಂದು ಹೊಸಬರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮಾಂಸ ತಿನ್ನದವರು "ಇಲ್ಲಿ ನಮಗೇನಿದೆ?" ಎಂದು ಕೇಳುವುದುಂಟು. ಕಡಂಬುಟ್ಟು, ಪಾಪುಟ್ಟು, ನೂಲ್‌ಪುಟ್ಟು, ಅಕ್ಕಿ ಒಟ್ಟಿ, ಕಣಿಲೆ ಸಾರು, ಕಾಡಿನ ಜೇನು, ಸುಗ್ಗಿಹಬ್ಬ ಪುತ್ತರಿಯ ತಂಬಿಟ್ಟು. ಇಷ್ಟನ್ನು ಕಲಿಯಲು ಒಂದು ವರ್ಷ ಬೇಕು. ತಿನ್ನದ್ದನ್ನು ಮೂಗು ಮುರಿಯದೆ, ಮೆತ್ತಗೆ ಬೇಡವೆಂದರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ. ಬೇಸರವಾಗುವುದು "ನಮ್ಮೂರಲ್ಲಿ ಹೀಗಲ್ಲ" ಎಂಬ ಮಾತಿಗೆ. ಹೊಸ ಊರಿನಲ್ಲಿ ಮೊದಲು ಬಿಡಬೇಕಾದ ಅಭ್ಯಾಸ ಅದು. ಅದರ ಬದಲು "ಅಕ್ಕಾ, ನಾನೂ ಎರಡು ಉಂಡೆ ಕಟ್ಟಲೇ?" ಎಂದು ಕೇಳಿ ನೋಡಿ. ಕಡಂಬುಟ್ಟಿಗೆ ಬೆಂದ ಅಕ್ಕಿತರಿಯನ್ನು ಬಿಸಿ ಇರುವಾಗಲೇ ಬಿರುಕಿಲ್ಲದಂತೆ ಉಂಡೆ ಮಾಡುವುದು ಎಷ್ಟು ಕಷ್ಟವೆಂದು ಅಂಗೈಗೆ ತಿಳಿದ ಮೇಲೆ ನಾಲಿಗೆಯೂ ಗೌರವದಿಂದ ಮಾತಾಡುತ್ತದೆ.

ಕೈಕೆಲಸದ ವಸ್ತುಗಳಿಗೂ ಇದೇ ಮಾತು. ಮೇದರು ಹೆಣೆದ ಬಿದಿರು ಬುಟ್ಟಿ ಗದ್ದೆ, ತೋಟ, ಅಡುಗೆಮನೆ ಮೂರಕ್ಕೂ ಬೇಕು. ಅದೇ ಕೈಗಳು ಊರಿನ ಹಬ್ಬಕ್ಕೆ ಡೋಲು ಬಾರಿಸುತ್ತವೆ. ಬುಟ್ಟಿ ಕೊಳ್ಳುವಾಗ ಹತ್ತು ರೂಪಾಯಿಗೆ ಚೌಕಾಸಿ ಮಾಡುವವರು ಮಾಲಿನಲ್ಲಿ ಪ್ಲಾಸ್ಟಿಕ್ ಡಬ್ಬಿಗೆ ಹೇಳಿದಷ್ಟು ಕೊಟ್ಟು ಬರುತ್ತಾರೆ. ಇದು ಸರಿಯಲ್ಲ. ಉಡುಗೆ ತೊಡುಗೆಯ ವಿಷಯವೂ ಹಾಗೆಯೇ: ಗಂಡಸರ ನಿಲುವಂಗಿ ಕುಪ್ಯ, ಕೆಂಪು ರೇಷ್ಮೆಯ ಚೇಲೆ, ಸೊಂಟದ ಪೀಚೆಕತ್ತಿ, ಹೆಂಗಸರ ಜೋಮಾಲೆ, ಕೊಕ್ಕೆತಾತಿ, ಇವು ಫೋಟೊಗೆ ತೊಡುವ ವೇಷವಲ್ಲ. ಕೈಲ್‌ಪೊಳ್ದು ಹಬ್ಬದಂದು ಆಯುಧವನ್ನು ಪೂಜಿಸುವ ಮನೆಯಲ್ಲಿ ಕತ್ತಿಯನ್ನು ಮುಟ್ಟುವ ಮೊದಲು ಕೇಳಬೇಕು.

ಹೊರಗಿನಿಂದ ಬಂದು ಕೊಡಗನ್ನು ಚೆನ್ನಾಗಿ ಅರಿತವರೂ ಇದ್ದಾರೆ. ಜರ್ಮನಿಯ ರಿಕ್ಟರ್ ಮಡಿಕೇರಿಯಲ್ಲಿ ನೆಲೆಸಿ, ಇಲ್ಲಿಯ ಜನಜೀವನವನ್ನು ವಿವರಿಸುವ ಗ್ರಂಥವನ್ನು 1870ರಲ್ಲಿ ತಂದರು. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ ಬರೆದ ಪುಸ್ತಕ 1952ರಲ್ಲಿ ಬಂತು. ಶ್ರೀನಿವಾಸರ ಕೆಲಸಕ್ಕೆ ಊರಿನವರೇ ಆದ ನಡಿಕೇರಿಯಂಡ ಚಿಣ್ಣಪ್ಪ ಕೊಡವರ ಜನಪದ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ಹೊರತಂದ 'ಪಟ್ಟೋಲೆ ಪಳಮೆ' ನೆರವಾಯಿತು. ಊರಿನ ತಿಳಿವಳಿಕೆ ಊರಿನವರ ಬಳಿಯೇ ಇರುತ್ತದೆ. ಕೇಳುವ ತಾಳ್ಮೆ ನಮ್ಮದಾಗಬೇಕು.

ಈ ವರ್ಷ ಕೊಡಗಿಗೆ ವರ್ಗವಾಗಿ ಬಂದವರಲ್ಲಿ ನನ್ನದೊಂದು ಕೋರಿಕೆ. ಕಕ್ಕಡ ಮುಗಿಯುವ ಮುಂಚೆ ಪಕ್ಕದ ಮನೆಯ ಬಾಗಿಲು ತಟ್ಟಿ. ಮದ್ದುಸೊಪ್ಪು ಯಾವುದು, ಎಲ್ಲಿ ಬೆಳೆಯುತ್ತದೆ ಎಂದು ಕೇಳಿ, ಕೊಯ್ಯಲು ಅವರ ಜೊತೆಗೇ ಹೋಗಿ.